ಯಾರೂ ಕೇಳಲಿಲ್ಲವಲ್ಲ!

ಕೆಲಸಕ್ಕೆಂದು ಕೊಲ್ಲಿಗೆ ಹೋದವನು ಅಲ್ಲಿ ಕೊಳ್ಳುವ ಮೊದಲ ದೊಡ್ಡ ವಸ್ತು ಹೆಚ್ಚಾಗಿ ಒಂದು ಹಳೆಯ ಕಾರು. ಮನೆ ಬಾಡಿಗೆಯದು, ಮಂಚ ಹಿಂದೆ ಇದ್ದವರು ಬಿಟ್ಟು ಹೋದದ್ದು. ಆದರೆ ವಾಸ ಶಾರ್ಜಾದಲ್ಲಿ, ಕೆಲಸ ದುಬೈಯಲ್ಲಿ ಎಂದಾದರೆ ಬಸ್ಸಿಗೆ ಕಾದು ಸೋತು, ಒಂದು ದಿನ ಕಾರು ಬೇಕೇ ಬೇಕು ಅನ್ನಿಸುತ್ತದೆ.

2024ರ ಕೊನೆಯಲ್ಲಿ ನಾನೂ ಹಾಗೆ ಒಂದು ಕಾರು ಕೊಂಡೆ. ಊರು ಬಿಟ್ಟು ಆಗ ನಾಲ್ಕು ತಿಂಗಳಾಗಿತ್ತಷ್ಟೆ. ಮಾರಿದವರು ಸಭ್ಯರು. ಚಹಾ ಕೊಟ್ಟು ಕೂರಿಸಿದರು. ಅಲ್ಲಿ ಮುಲ್ಕಿಯಾ ಎಂದು ಕರೆಯುವ ನೋಂದಣಿ ಪತ್ರ ಸರಿಯಾಗಿತ್ತು, ತಪಾಸಣೆಯಲ್ಲೂ ಕಾರು ಪಾಸಾಗಿತ್ತು. ಎಷ್ಟು ಓಡಿದೆ, ಅಪಘಾತವಾಗಿದೆಯೇ, ಟಯರು ಎಷ್ಟು ಹಳೆಯದು ಎಂದೆಲ್ಲ ಕೇಳಿದೆ. ಎಲ್ಲದಕ್ಕೂ ಅವರು ನಿಜವನ್ನೇ ಹೇಳಿದರು.

ಕೆಲವು ತಿಂಗಳಲ್ಲಿ ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳತೊಡಗಿದವು. ಗ್ಯಾರೇಜಿನವನು ಸೀಟು ಬಿಚ್ಚಿ ತೋರಿಸಿದ. ಬೋಲ್ಟುಗಳಿಗೆ ತುಕ್ಕು, ಕಾರ್ಪೆಟ್ಟಿನ ಅಡಿಯಲ್ಲಿ ಒಣಗಿದ ಕೆಸರು, ವಯರುಗಳ ಜೋಡಣೆಯಲ್ಲಿ ಹಸಿರುಗಟ್ಟಿದ ತಾಮ್ರ. "ಇದು ನೀರಿನಲ್ಲಿ ನಿಂತ ಗಾಡಿ" ಅಂದ.

2024ರ ಏಪ್ರಿಲ್ 16ರಂದು ಯುಎಇಯಲ್ಲಿ ಸುರಿದ ಮಳೆಯನ್ನು ಅಲ್ಲಿದ್ದವರು ಯಾರೂ ಮರೆಯಲಾರರು. 1949ರಲ್ಲಿ ದಾಖಲೆ ಆರಂಭವಾದಂದಿನಿಂದ ಅಂಥ ಮಳೆ ಬಂದಿರಲಿಲ್ಲ. ಅಲ್ ಐನ್ ಪ್ರದೇಶದ ಒಂದು ಕಡೆ 24 ಗಂಟೆಯೊಳಗೆ 254 ಮಿ.ಮೀ. ಸುರಿಯಿತು. ನಮ್ಮ ಕರಾವಳಿಯಲ್ಲಿ ಆಷಾಢದ ಒಂದು ಜೋರು ದಿನ ಅಷ್ಟು ಬೀಳುವುದುಂಟು. ಮರುಭೂಮಿಗೆ ಅದು ಇಡೀ ವರ್ಷದ ಮಳೆಗಿಂತ ಹೆಚ್ಚು. ರಸ್ತೆಗಳಲ್ಲಿ, ಕಟ್ಟಡಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿ ನಿಂತವು. ಆ ಮಳೆಯನ್ನು ನೋಡಿದವನು ಕಾರು ಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆಯೇ ಅದು. ಮಳೆಯ ಬಳಿಕ ಬಂದ ನನಗೆ ಆ ಪ್ರಶ್ನೆ ಇದೆ ಎಂಬುದೇ ಗೊತ್ತಿರಲಿಲ್ಲ.

ಫೋನ್ ಮಾಡಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. "ನೀವು ಕೇಳಲಿಲ್ಲವಲ್ಲ" ಅಂದರು.

ಈ ಉತ್ತರಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಮನೆ ಮಾರುವವನೊಬ್ಬನ ಪ್ರಸಂಗ ಬರುತ್ತದೆ. ಮನೆಯ ಮರ ಕೆಟ್ಟಿದೆ, ಕೋಣೆಗಳಲ್ಲಿ ಹಾವುಗಳಿವೆ. ಇದು ಒಡೆಯನಿಗೆ ಮಾತ್ರ ಗೊತ್ತು. ಕೊಳ್ಳುವವನಿಗೆ ಅವನು ಹೇಳಬೇಕೇ? ಹೇಳಲೇಬೇಕು ಎನ್ನುತ್ತಾನೆ ಆಂಟಿಪೇಟರ್ ಎಂಬ ದಾರ್ಶನಿಕ. ಡಯೊಜಿನೀಸ್ ಎಂಬ ಇನ್ನೊಬ್ಬ, ಕೊಳ್ಳಲು ಯಾರೂ ಬಲವಂತ ಮಾಡಲಿಲ್ಲ, ನೋಡಿ ಕೊಳ್ಳುವುದು ಅವನ ಹೊಣೆ ಎನ್ನುತ್ತಾನೆ. ಸಿಸೆರೊ ಹೇಳಬೇಕು ಎನ್ನುವವರ ಕಡೆಗೆ ನಿಂತ. ಎಲ್ಲ ಮೌನವೂ ಮುಚ್ಚಿಡುವುದಲ್ಲ. ತಿಳಿಯುವುದರಿಂದ ಯಾರಿಗೆ ಹಿತವೋ ಅವನಿಗೆ, ನಮ್ಮ ಲಾಭಕ್ಕಾಗಿ ತಿಳಿಯದಂತೆ ಮಾಡಿದಾಗ ಅದು ಮುಚ್ಚಿಡುವುದಾಗುತ್ತದೆ ಎಂಬುದು ಅವನ ವಾದ.

ನೋಡಿ ಕೊಳ್ಳುವುದು ಅವನ ಹೊಣೆ ಎಂಬ ಮಾತು ಇಬ್ಬರೂ ಒಂದೇ ನೆಲದಲ್ಲಿ ನಿಂತಿದ್ದರೆ ಸ್ವಲ್ಪವಾದರೂ ಒಪ್ಪುವಂಥದ್ದು. ನಮ್ಮ ಪುತ್ತೂರಿನಲ್ಲಿ ಹಳೆಯ ಜೀಪು ಕೊಳ್ಳುವವನಿಗೆ ಪರಿಚಯದ ಮೆಕ್ಯಾನಿಕ್ ಇರುತ್ತಾನೆ. ಅದು ಯಾವ ತೋಟದಲ್ಲಿ ದುಡಿದ ಜೀಪೆಂದು ಹೇಳುವ ಮಾವನಿರುತ್ತಾನೆ. ಮೋಸ ಮಾಡಿದವನು ಮರುದಿನ ಸಂತೆಯಲ್ಲಿ ಎದುರಾಗುತ್ತಾನೆ. ಪರದೇಶದಲ್ಲಿ ಮೆಕ್ಯಾನಿಕ್ಕೂ ಇಲ್ಲ, ಮಾವನೂ ಇಲ್ಲ. ಮಾರಿದವನು ಮತ್ತೆ ಎದುರಾಗುವುದೂ ಇಲ್ಲ. ಅಂಥವನಿಗೆ ನೀನು ಕೇಳಲಿಲ್ಲ ಎನ್ನುವುದು ಅವನ ಅಜ್ಞಾನವನ್ನೇ ಅವನ ತಪ್ಪನ್ನಾಗಿ ಮಾಡಿದಂತೆ.

ಇಂಥ ಮೌನ ಇಬ್ಬರ ನಡುವೆಯೇ ಮುಗಿಯುವುದೂ ಇಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟು ಇದನ್ನು ವಿವರಿಸಿದರು. ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲಕ್ಕೂ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರ. ಕೊನೆಗೆ ಕೆಟ್ಟವೇ ಉಳಿಯುತ್ತವೆ. 2001ರ ನೊಬೆಲ್ ಅರ್ಥಶಾಸ್ತ್ರ ಪುರಸ್ಕಾರ ಪಡೆದ ಮೂವರಲ್ಲಿ ಅವರೂ ಒಬ್ಬರು. ಬಾಯಿ ಮುಚ್ಚಿ ಮಾರಿದವನು ಒಬ್ಬನಿಗೆ ಮಾತ್ರ ನಷ್ಟ ಮಾಡುವುದಲ್ಲ, ನಿಜ ಹೇಳುವ ಮಾರಾಟಗಾರನ ಮಾತಿನ ಬೆಲೆಯನ್ನೂ ಕಳೆಯುತ್ತಾನೆ.

ಇಲ್ಲಿಯವರೆಗೆ ಬೇರೆಯವರ ತಪ್ಪಿನ ಬಗ್ಗೆ ಬರೆದೆ. ಅದು ಸುಲಭ. ಕಾರು ಮಾರುವ ಸರದಿ ನನ್ನದಾದಾಗ ಪ್ರಶ್ನೆ ಕಷ್ಟವಾಯಿತು. ಕೊಂಡ ಸಾಲ ಇನ್ನೂ ತೀರಿರಲಿಲ್ಲ. ಊರಿಗೆ ಪ್ರತಿ ತಿಂಗಳು ಹಣ ಹೋಗಬೇಕಿತ್ತು. ಕೋಣೆಯ ಗೆಳೆಯರು, "ನಿನಗೆ ಯಾರು ಹೇಳಿದರು? ನೀನೂ ಹೇಳಬೇಡ" ಅಂದರು. ಆ ಮಾತಿನಲ್ಲಿ ಒಂದು ನ್ಯಾಯವಿದೆ ಎಂದು ನನಗೂ ಅನ್ನಿಸಿತು. ತಪ್ಪು ಮಾಡಿದವನು ನಾನಲ್ಲ. ಹಾಗಿರುವಾಗ ನಷ್ಟ ನನಗೇಕೆ?

ನೋಡಲು ಬಂದವನು ಕಾಸರಗೋಡಿನ ಹುಡುಗ. ಬಂದು ಎರಡು ತಿಂಗಳಾಗಿತ್ತಂತೆ. ಎಷ್ಟು ಓಡಿದೆ, ಅಪಘಾತವಾಗಿದೆಯೇ, ಟಯರು ಎಷ್ಟು ಹಳೆಯದು ಎಂದು ಕೇಳಿದ. ನಾನು ಕೇಳಿದ್ದೇ ಪ್ರಶ್ನೆಗಳು. ನನಗಾದ ಅನ್ಯಾಯದ ಬಾಕಿಯನ್ನು ನಾನು ಇವನಿಂದ ವಸೂಲು ಮಾಡಲು ಹೊರಟಿದ್ದೇನೆ ಎಂದು ಆಗ ಹೊಳೆಯಿತು. ಸಾಲ ಕೊಂಡವನು ಒಬ್ಬ, ತೀರಿಸುವವನು ಇನ್ನೊಬ್ಬ! ಮೋಸವಾದಾಗ ನನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ತಿಳಿಯುವ ತನಕ ನಾನು ಮೋಸಹೋದವನು. ತಿಳಿದ ಮೇಲೆ ಮುಂದಿನ ಮೋಸ ನನ್ನದೇ. ಅಲ್ಲದೆ ಇದು ಬರೀ ಹಣದ ವಿಷಯವೂ ಅಲ್ಲ. ನೀರು ಹೊಕ್ಕ ಕಾರಿನಲ್ಲಿ ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ಬಿಚ್ಚಿಕೊಳ್ಳದೆ ಇರಬಹುದು.

ಹೇಳಿದೆ. ಅವನು ಕೊಳ್ಳಲಿಲ್ಲ. ವ್ಯಾಪಾರಿಗೆ ಕೊಟ್ಟುಬಿಡು, ಅವನಿಗೆ ಎಲ್ಲ ಗೊತ್ತಿರುತ್ತದೆ ಎಂದರು ಗೆಳೆಯರು. ಆದರೆ ವ್ಯಾಪಾರಿ ಅದನ್ನು ಇನ್ನೊಬ್ಬ ಹೊಸಬನಿಗೇ ಮಾರುತ್ತಾನೆ. ಕೊನೆಗೆ ಬಿಡಿಭಾಗಗಳ ಬೆಲೆಗೆ ಗುಜರಿಗೆ ಹೋಯಿತು. ಎಲ್ಲರೂ ಹೀಗೇ ಮಾಡಬೇಕೆಂದು ಉಪದೇಶಿಸುವ ಧೈರ್ಯ ನನಗಿಲ್ಲ. ನನಗಿಂತ ಕಡಿಮೆ ಸಂಬಳದವರು ಅಲ್ಲಿ ಬಹಳ ಮಂದಿ. ಅಂಥವರು ದೋಷ ಹೇಳಿ, ಬೆಲೆ ಇಳಿಸಿ, ತಿಳಿದೇ ಕೊಳ್ಳುವವನಿಗೆ ಮಾರಿದರೆ ಅದರಲ್ಲಿ ತಪ್ಪಿಲ್ಲ. ಹೇಳದೆ ಮಾರುವುದಕ್ಕೆ ಮಾತ್ರ ಬಡತನವೂ ಸಬೂಬಾಗದು. ಕೊಳ್ಳುವವನೂ ಬಡವನೇ.

ಒಂದು ವಾರದ ನಂತರ ಆ ಹುಡುಗ ಫೋನ್ ಮಾಡಿದ. ಇನ್ನೊಂದು ಕಾರು ನೋಡಿದ್ದಾನಂತೆ, ಜೊತೆಗೆ ಬರುತ್ತೀರಾ ಎಂದು ಕೇಳಿದ. ಹೋದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡುವುದು, ಕಾರ್ಪೆಟ್ಟು ಎತ್ತಿ ಮೂಸುವುದು, ಸೀಟಿನ ಬೋಲ್ಟುಗಳನ್ನು ಬೆರಳಿನಿಂದ ಮುಟ್ಟುವುದು ಹೇಗೆಂದು ತೋರಿಸಿಕೊಟ್ಟೆ. ಆಮೇಲೆ ಅವನೇ ಮಾರುವವನ ಕಡೆ ತಿರುಗಿ, ಏಪ್ರಿಲ್ ಮಳೆಯ ದಿನ ಈ ಕಾರು ಎಲ್ಲಿತ್ತು ಎಂದು ಕೇಳಿದ.