ಮಾಡಿದವನ ಋಣ

ಒಂದು ವಸ್ತುವನ್ನು ಮಾಡಿ ಮಾರಿದವನಿಗೂ ಆ ವಸ್ತುವಿಗೂ ಇರುವ ಸಂಬಂಧ ಎಂದು ಮುಗಿಯುತ್ತದೆ? ಹಣ ಕೈಸೇರಿದೊಡನೆ ಮುಗಿಯಿತು ಎನ್ನುವುದು ವ್ಯಾಪಾರದ ನ್ಯಾಯ. ಕೊಟ್ಟಲ್ಲಿಗೆ ಋಣ ಹರಿಯಿತು ಎಂದು ನಾವೂ ಅನ್ನುತ್ತೇವೆ. ಆದರೆ ಕೆಲವು ವಸ್ತುಗಳ ವಿಷಯದಲ್ಲಿ ಋಣ ಅಷ್ಟು ಸುಲಭವಾಗಿ ಹರಿಯುವುದಿಲ್ಲವೆಂದು ತೋರುತ್ತದೆ. ಅಂಥವುಗಳಲ್ಲಿ ಒಂದು, ಈಚೆಗೆ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಬಾಡಿಗೆ ಮನೆಗಳಿಗೂ ಬಂದು ಸೇರಿರುವ ಜೋಡಣೆಯ ಕಪಾಟು. ಅದು ಅಂಗಡಿಯಿಂದ ಕಪಾಟಾಗಿ ಬರುವುದಿಲ್ಲ; ಬಿಡಿ ಹಲಗೆಗಳಾಗಿ ಒಂದು ಚಪ್ಪಟೆ ಪೆಟ್ಟಿಗೆಯಲ್ಲಿ ಬರುತ್ತದೆ. ಚಿತ್ರದ ಹಾಳೆಯನ್ನು ಮುಂದಿಟ್ಟುಕೊಂಡು, ಜೊತೆಗೆ ಬಂದ ಪುಟ್ಟ ಕೀಲಿಯಿಂದ ನಾವೇ ಅದನ್ನು ಜೋಡಿಸಿಕೊಳ್ಳಬೇಕು.

ಈ ಪದ್ಧತಿಯನ್ನು ಲೋಕಕ್ಕೆಲ್ಲ ಹರಡಿದ್ದು ಸ್ವೀಡನ್ ದೇಶದ ಐಕಿಯಾ ಸಂಸ್ಥೆ. 1956ರ ಸುಮಾರಿಗೆ ಅಲ್ಲಿನ ಒಬ್ಬ ನೌಕರ ಮೇಜೊಂದನ್ನು ಕಾರಿನಲ್ಲಿ ಹಿಡಿಸಲಾರದೆ ಅದರ ಕಾಲು ಬಿಚ್ಚಿದನೆಂದೂ, ಅಲ್ಲಿಂದ ಈ ವಿಚಾರ ಬೆಳೆಯಿತೆಂದೂ ಹೇಳುತ್ತಾರೆ. ಆ ಸಂಸ್ಥೆ 2018ರಲ್ಲಿ ಹೈದರಾಬಾದಿಗೆ, 2022ರಲ್ಲಿ ಬೆಂಗಳೂರಿಗೆ ಬಂತು. ಈಗ ಇಂಥ ಸಾಮಾನು ಮಾಡುವವರು ನಮ್ಮ ದೇಶದಲ್ಲೇ ಹಲವರಿದ್ದಾರೆ. ಅದು ಕೊರಿಯರಿನಲ್ಲಿ ರಾಯಬಾಗಕ್ಕೂ ಕಾಗವಾಡಕ್ಕೂ ಬರುತ್ತದೆ. ವರ್ಗಾವಣೆಯ ನೌಕರಿಯವರಿಗೆ ಅದು ವರವೆಂದೇ ಕಂಡಿತು. ಬಿಚ್ಚಿದರೆ ಹಲಗೆ, ಕಟ್ಟಿದರೆ ಕಪಾಟು; ಇನ್ನೇನು ಬೇಕು?

ವರವು ಪರೀಕ್ಷೆಗೆ ಬರುವುದು ವರ್ಗಾವಣೆಯ ದಿನವೇ. ನನ್ನ ಸಹೋದ್ಯೋಗಿಯೊಬ್ಬರು ನಿಪ್ಪಾಣಿಯಿಂದ ಅಥಣಿಗೆ ಬಂದಾಗ ಪುಸ್ತಕದ ಕಪಾಟನ್ನು ಬಿಚ್ಚಿ ತಂದರು. ಮರಳಿ ಜೋಡಿಸುವಾಗ ಎರಡು ಕೀಲುಗಳು ಮುರಿದವು. ಈ ಕೀಲಿನ ರಚನೆ ಬಹಳ ಸರಳ: ಒಂದು ಹಲಗೆಯಲ್ಲಿ ಕೂರುವ ಉಕ್ಕಿನ ಮೊಳೆ, ಇನ್ನೊಂದರಲ್ಲಿ ಅದರ ತಲೆಯನ್ನು ಕಚ್ಚಿ ಹಿಡಿಯುವ ದುಂಡು ಬಿಲ್ಲೆ. ಬಿಲ್ಲೆಯನ್ನು ತಿರುಗಿಸಿದರೆ ಸಂಧಿ ಬಿಗಿಯುತ್ತದೆ. ಬಿಲ್ಲೆಯ ಅಡ್ಡಳತೆ ಸಾಮಾನ್ಯವಾಗಿ 15 ಮಿಲಿಮೀಟರು. ಆದರೆ ಮೊಳೆಯ ಉದ್ದ, ರಂಧ್ರದ ಆಳ, ತಲೆಯ ಆಕಾರ ಇವು ಒಬ್ಬೊಬ್ಬರದು ಒಂದೊಂದು ಬಗೆ. ಅವರು ಅಥಣಿಯ ಅಂಗಡಿಗಳನ್ನು ನೋಡಿದರು, ಮಿರಜಿಗೆ ಹೋಗಿ ಹುಡುಕಿದರು. ಅದರಂತೆಯೇ ಇರುವುದು ಸಿಕ್ಕಿತು, ಅದು ಸಿಗಲಿಲ್ಲ. ಮಾಡಿದವರನ್ನು ಕೇಳಿದರೆ, ಆ ಮಾದರಿಯನ್ನು ನಿಲ್ಲಿಸಿದ್ದೇವೆ, ಬಿಡಿಭಾಗಗಳಿಲ್ಲ ಎಂಬ ಉತ್ತರ ಬಂತು. ಹಲಗೆಗಳೆಲ್ಲ ಗಟ್ಟಿಯಾಗಿವೆ, ಬೆರಳ ತುದಿಯಷ್ಟು ಲೋಹಕ್ಕಾಗಿ ಇಡೀ ಕಪಾಟು ಗೋಡೆಗೆ ಒರಗಿ ಕೂತಿತು.

ಊರಿನ ಬಡಿಗನನ್ನು ಕರೆಸಬಾರದೆ ಎಂದು ನೀವು ಕೇಳಬಹುದು. ಸಾಗುವಾನಿಯ ಕಪಾಟಾಗಿದ್ದರೆ ಅವನು ಅರ್ಧ ತಾಸಿನಲ್ಲಿ ಹೊಸ ಕೀಲು ಹಾಕುತ್ತಿದ್ದ. ಇದಾದರೋ ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ. ಒಮ್ಮೆ ಸಡಿಲಾದ ರಂಧ್ರ ಮತ್ತೆ ಮೊಳೆಯನ್ನು ಗಟ್ಟಿಯಾಗಿ ಹಿಡಿಯುವುದು ಕಷ್ಟ. ಅಂಚಿಗೆ ಮೊಳೆ ಹೊಡೆದರೆ ಉದುರುತ್ತದೆ. ಅವನ ಕೈಯಲ್ಲಿ ವಿದ್ಯೆಯಿಲ್ಲವೆಂದಲ್ಲ, ಆ ವಿದ್ಯೆಗೆ ಇಲ್ಲಿ ಪ್ರವೇಶವಿಲ್ಲ. ಒಲೆಗೆ ಹಾಕೋಣವೆಂದರೆ ಅಂಟಿನ ಹೊಗೆ ಆರೋಗ್ಯಕ್ಕೆ ಕೇಡು.

ಇಲ್ಲಿ ನಮ್ಮ ಹಳ್ಳಿಗಳ ಆಯದ ಪದ್ಧತಿ ನೆನಪಾಗುವುದು ಸಹಜ. ಬಡಿಗನೂ ಕಂಬಾರನೂ ರೈತನ ರಂಟೆ, ಕುಂಟೆ, ಕೂರಿಗೆ, ಚಕ್ಕಡಿಗಳನ್ನು ವರ್ಷವಿಡೀ ಸರಿಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಪಡೆಯುತ್ತಿದ್ದರು. ಆ ಕಾಳು ಮುಖ್ಯವಾಗಿ ಸಲ್ಲುತ್ತಿದ್ದುದು ವಸ್ತುವನ್ನು ಮಾಡಿದ್ದಕ್ಕಲ್ಲ, ಅದು ಕೆಲಸಕ್ಕೆ ಬರುವಂತೆ ನೋಡಿಕೊಂಡದ್ದಕ್ಕೆ. ಮಾದರಿಯನ್ನು ನಿಲ್ಲಿಸಿದ್ದೇನೆ ಎಂದು ಹೇಳಿ ಕೈತೊಳೆದುಕೊಳ್ಳುವ ದಾರಿ ಅವರಿಗಿರಲಿಲ್ಲ.

ದಾರಿ ಇರಲಿಲ್ಲ ಎಂಬಲ್ಲಿಯೇ ಆ ಪದ್ಧತಿಯ ದೋಷವೂ ಇದೆ. ಅವರ ಹೊಣೆ ಒಪ್ಪಿ ಹೊತ್ತದ್ದಲ್ಲ, ಹುಟ್ಟಿನಿಂದ ಹೊರಿಸಿದ್ದು. ಮಳೆ ತಪ್ಪಿದ ವರ್ಷ ಕಣ ಬರಿದಾದರೆ ಆಯವೂ ಬರಿದು. ತೊಗಲಿನ ಮಿಣಿ ಮಾಡಿಕೊಟ್ಟವನು ಕಣದ ಅಂಚಿನಲ್ಲಿ ನಿಂತು ಕೈಯೊಡ್ಡಬೇಕಾಗಿತ್ತು. ಆ ಬಂಧನ ಕಳಚಿದ್ದು ಒಳ್ಳೆಯದೇ ಆಯಿತು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಬಂಧನ ಹೋದಾಗ ಹೊಣೆಯೂ ಅದರೊಡನೆ ಹೋಗಲೇಬೇಕೆ?

ಹೋಗಬೇಕಾಗಿಲ್ಲವೆಂಬುದಕ್ಕೆ ಅಥಣಿಯಲ್ಲೇ ಸಾಕ್ಷ್ಯವಿದೆ. ಇಲ್ಲಿನ ಚಪ್ಪಲಿ, ಕರ್ನಾಟಕ ಮತ್ತು ಮಹಾರಾಷ್ಟ್ರಗಳ 8 ಜಿಲ್ಲೆಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ತಂದ ಕೊಲ್ಹಾಪುರಿ ಚಪ್ಪಲಿಯ ಬಳಗಕ್ಕೆ ಸೇರಿದ್ದು. ಅಥಣಿಯಲ್ಲಿ ಕೊಂಡ ಚಪ್ಪಲಿಯ ಉಂಗುಟ ರಾಯಬಾಗದಲ್ಲಿ ಕಿತ್ತರೆ, ಅಲ್ಲಿ ರಸ್ತೆಯ ಬದಿಗೆ ಕೂತ ಯಾರಾದರೂ ಅದನ್ನು ಹೊಲಿದುಕೊಡಬಲ್ಲರು. ಮಾಡಿದವನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವನು ಮಾರಿದ ಮೇಲೆ ನಿಜವಾಗಿ ಮುಕ್ತ. ಏಕೆಂದರೆ ದುರಸ್ತಿಯ ವಿದ್ಯೆಯನ್ನು ಅವನು ತನ್ನೊಬ್ಬನಲ್ಲೇ ಬಚ್ಚಿಟ್ಟುಕೊಂಡಿಲ್ಲ.

ಇದರಿಂದ ಒಂದು ನಿಯಮ ಹೊರಡುತ್ತದೆಂದು ನನ್ನ ಭಾವನೆ. ಯಾರು ಬೇಕಾದರೂ ಸರಿಪಡಿಸಬಹುದಾದ ವಸ್ತುವನ್ನು ಮಾಡಿದವನ ಋಣ ಮಾರಾಟದಲ್ಲಿ ಹರಿಯುತ್ತದೆ. ತಾನೊಬ್ಬನೇ ಸರಿಪಡಿಸಬಹುದಾದ ವಸ್ತುವನ್ನು ಮಾಡಿದವನ ಋಣ, ಆ ವಸ್ತು ಬಾಳಬೇಕಾದಷ್ಟು ಕಾಲ ಉಳಿಯುತ್ತದೆ. ಬೇರೆಯವರ ಕೈಯನ್ನು ಕಟ್ಟಿದವನು ತಾನೂ ಕೈಕಟ್ಟಿ ಕೂರುವುದು ನ್ಯಾಯವಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತುಗಳೂ ಇವೆ. ಇಂಥ ಕಪಾಟಿನ ಬೆಲೆ ಕಡಿಮೆ. ಕಡಿಮೆ ಬೆಲೆ ಕೊಟ್ಟು ಅಕ್ಷಯಪಾತ್ರೆ ಬೇಡುವುದೇ? ನಿಂತುಹೋದ ಮಾದರಿಗಳ ಬಿಡಿಭಾಗಗಳನ್ನು ಉಗ್ರಾಣದಲ್ಲಿ ತುಂಬಿಡಲು ಖರ್ಚಿಲ್ಲವೇ? ಈ ಮಾತುಗಳಲ್ಲಿ ಸತ್ಯವಿದೆ. ಚೂರು ಹಲಗೆಯನ್ನೂ ನಾವು ಹಳಿಯಬೇಕಾಗಿಲ್ಲ. ಸಾಗುವಾನಿ ಬಲಿಯಲು ದಶಕಗಳು ಬೇಕು. ಉಗಾರದಂಥ ಊರಿನಲ್ಲಿ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯಿಂದಲೂ ಇಂಥ ಹಲಗೆ ಮಾಡಬಹುದು. ಆದರೆ ಕಡಿಮೆ ಬೆಲೆ ಹಲಗೆಯ ಗುಣಕ್ಕೆ ಸಮಾಧಾನವಾದೀತೇ ಹೊರತು, ಕೀಲಿನ ಅಳತೆ ಯಾರಿಗೂ ತಿಳಿಯದಿರುವುದಕ್ಕೆ ಸಮಾಧಾನವಾಗದು. ಅಳತೆಯನ್ನು ಅಚ್ಚುಹಾಕಿಸಲು ಉಗ್ರಾಣ ಬೇಕಿಲ್ಲ. ಜೋಡಣೆಯ ಹಾಳೆಯಲ್ಲಿ ನಾಲ್ಕು ಸಾಲು ಸಾಕು.

ಸ್ಕ್ರೂಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಒಂದು ಕಾಲಕ್ಕೆ ಒಂದೊಂದು ಕಾರ್ಖಾನೆಯ ಸ್ಕ್ರೂ ಒಂದೊಂದು ಅಳತೆಯದಾಗಿತ್ತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ಸ್ಕ್ರೂವಿನ ಸುತ್ತುಗಳಿಗೆಲ್ಲ ಏಕರೂಪದ ಅಳತೆ ಇರಬೇಕೆಂದು ಸೂಚಿಸಿದ. ಅಂದಿನಿಂದ ಬೆಳೆದು ಬಂದ ಒಪ್ಪಂದದ ಫಲವಾಗಿಯೇ ಇಂದು ಸೈಕಲ್ಲಿನ ನಟ್ಟು ಕಳೆದರೆ ನಾವು ಕಾರ್ಖಾನೆಗೆ ಕಾಗದ ಬರೆಯುವುದಿಲ್ಲ, ಪೇಟೆಗೆ ಹೋಗುತ್ತೇವೆ.

ಕಾಯಿದೆಯೂ ಮೆಲ್ಲಗೆ ಈ ಕಡೆಗೆ ಹೆಜ್ಜೆ ಇಡುತ್ತಿದೆ. ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ, ಬಟ್ಟೆ ಒಗೆಯುವ ಯಂತ್ರದ ಮಾದರಿಯೊಂದು ನಿಂತ ಮೇಲೂ ಅದರ ಮುಖ್ಯ ಬಿಡಿಭಾಗಗಳು 10 ವರ್ಷ ದೊರೆಯಬೇಕೆಂಬ ನಿಯಮವಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು. ಕೃಷಿ ಸಲಕರಣೆ, ಮೊಬೈಲು, ಬಾಳಿಕೆಯ ಗೃಹಬಳಕೆ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳನ್ನು ಗುರುತಿಸಿತು. ಪೀಠೋಪಕರಣಕ್ಕೆ ಅವುಗಳಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಟ್ರಾಕ್ಟರಿನ ಮುಂದೆ ಕಪಾಟು ಅಲ್ಪವೆಂದು ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ನ್ಯಾಯ ವಸ್ತುವಿನ ಗಾತ್ರವನ್ನು ನೋಡಿ ಬದಲಾಗುವುದಿಲ್ಲ.

ಕೊಳ್ಳುವವರ ಪಾಲೂ ಇದರಲ್ಲಿದೆ. ಬಣ್ಣ ಕೇಳುತ್ತೇವೆ, ಬೆಲೆ ಕೇಳುತ್ತೇವೆ, ಎಷ್ಟು ದಿನದಲ್ಲಿ ಮನೆಗೆ ಬರುತ್ತದೆಂದು ಕೇಳುತ್ತೇವೆ. ಮುರಿದರೆ ಏನು ಗತಿ ಎಂದು ಕೇಳುವವರು ವಿರಳ. ರಿಪೇರಿ ಮಾಡಿಸಿ ಬಳಸುವುದು ಬಡತನದ ಗುರುತು ಎಂಬ ಒಂದು ನಾಚಿಕೆಯೂ ನಮ್ಮ ಮಧ್ಯಮ ವರ್ಗದಲ್ಲಿ ಬೆಳೆದಿದೆ. ಕೇಳದವರಿಗೆ ಉತ್ತರ ಸಿದ್ಧಮಾಡಿಟ್ಟುಕೊಳ್ಳುವ ವ್ಯಾಪಾರಿ ಎಲ್ಲಿಯೂ ಇಲ್ಲ.

ಮಾದರಿಯನ್ನು ನಿಲ್ಲಿಸುವ ಹಕ್ಕು ಮಾಡಿದವನಿಗೆ ಇದ್ದೇ ಇದೆ. ಯಾರೂ ಒಂದೇ ಕಪಾಟನ್ನು ಕೊನೆಯವರೆಗೆ ಮಾಡುತ್ತಿರಲಾರರು. ನಿಲ್ಲಿಸುವಾಗ ಅದರ ಅಳತೆಗಳನ್ನು ಊರಿಗೆ ಒಪ್ಪಿಸಿ ಹೋದರೆ, ಚಿಕ್ಕೋಡಿಯ ಬಡಿಗನೋ ನಿಪ್ಪಾಣಿಯ ಲೇತಿನವನೋ ಮುಂದಿನದನ್ನು ನೋಡಿಕೊಳ್ಳುತ್ತಾನೆ. ಆಗ ಅವನ ಋಣ ಹರಿಯಿತೆಂದು ನಾವೂ ಸಂತೋಷದಿಂದ ಒಪ್ಪಬಹುದು.