ಆಹಾರಶುದ್ಧಿಗೆ ಯಾರ ಸಾಕ್ಷಿ?



ಅಮೆರಿಕದ ಮೆಕ್‌ಡೊನಾಲ್ಡ್ಸ್ ಸಂಸ್ಥೆಯು ಫ್ರೆಂಚ್ ಫ್ರೈಸನ್ನು ಇನ್ನು ದನದ ಕೊಬ್ಬಿನಲ್ಲಿ ಕರಿಯದೆ ಸಸ್ಯಜನ್ಯ ಎಣ್ಣೆಯಲ್ಲಿಯೇ ಕರಿಯುವುದಾಗಿ 1990ರಲ್ಲಿ ಸಾರಿತು. ಕೊಲೆಸ್ಟರಾಲಿನ ಭಯವೇ ಅದಕ್ಕೆ ಕಾರಣ. ಅಲ್ಲಿನ ಅನೇಕ ಸಸ್ಯಾಹಾರಿಗಳು ನಂಬಿ ತಿಂದರು. ‘ಸ್ವಾಭಾವಿಕ ಪರಿಮಳ’ವೆಂಬ ಹೆಸರಿನಲ್ಲಿ ಗೋಮಾಂಸದ ಸಾರವು ಅದರಲ್ಲಿ ಸೇರಿದ್ದ ಸಂಗತಿ 2001ರಲ್ಲಿ ನ್ಯಾಯಾಲಯವನ್ನು ಮುಟ್ಟಿತು. ಮರುವರ್ಷ ಸಂಸ್ಥೆಯು ಕ್ಷಮೆ ಯಾಚಿಸಿ, ಸಸ್ಯಾಹಾರಿ ಸಂಘಗಳೇ ಮೊದಲಾದವಕ್ಕೆ 1 ಕೋಟಿ ಡಾಲರ್ ನೀಡಲು ಒಪ್ಪಿತು. ಆ ಹಣದಿಂದ ಅರಿಯದೆ ತಿಂದವರ ಮನಸ್ಸಿನ ಕಳವಳ ತೀರೀತೆ? (ಕಂದಮೂಲ ತ್ಯಜಿಸಿದವರಿಗೆ ಈ ಸಂಕಟವೇ ಇರಲಿಲ್ಲವೆನ್ನಿ; ಆಲೂಗಡ್ಡೆಯೇ ಅನಂತಕಾಯ.)

ಸರಕಾರದ ಉಪದೇಶವಾದರೂ ಸ್ಥಿರವೆ? ಕೊಲೆಸ್ಟರಾಲು ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಅಮೆರಿಕವು 2015–2020ರ ಆಹಾರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ಜನರ ನಂಬಿಕೆ ಸಡಿಲವಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ತಿಳಿದಂತೆ ತಿದ್ದಿಕೊಳ್ಳುವುದು ವಿಜ್ಞಾನದ ರೀತಿ. ಬಚ್ಚಿಟ್ಟು ಮಾರುವುದು ಅಸತ್ಯ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಶ್ರಾವಕನ ತ್ಯಾಗವು ಜೀವದಯೆಯಿಂದ ಹುಟ್ಟಿದ್ದು. ಮಾರ್ಗಸೂಚಿ ಬದಲಾದರೆ ಅದು ಬದಲಾಗಬೇಕಿಲ್ಲ.

ನಮ್ಮ ದೇಶದ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯನ್ನೇ ನೋಡಿರಿ. ಕಾನೂನಿನಂತೆ ಜೇನುತುಪ್ಪಕ್ಕೂ ಅದೇ ಚುಕ್ಕೆ. ನಮಗಾದರೋ ಮಧುತ್ಯಾಗವು ಅಷ್ಟಮೂಲಗುಣಗಳಲ್ಲೊಂದು. ಹಿಂಬದಿಯ ಸಣ್ಣ ಅಕ್ಷರಗಳನ್ನು ಮನೆಯಲ್ಲಿ ಓದುವವರು ಯಾರು?