ಹಿಡಿ ಮತ್ತು ಹಿಡುವಳಿ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ಯುವಜನರ ಕೂಟದಲ್ಲಿ ಹುಡುಗನೊಬ್ಬ ಕೇಳಿದ: ‘ಹೊಲ ಹಿಡಿದಿರುವುದು ನಮ್ಮಪ್ಪ. ಮದುವೆಯಾಗಿ ಹೋದ ಸೋದರತ್ತೆಗೆ ಅದರಲ್ಲಿ ಏನಿದೆ?’ ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ನಮಗೂ ಸರಿಯಾಗಿ ತಿಳಿದಿರಲಿಲ್ಲ.

ಹಿಡುವಳಿ ಎಂಬ ಕಂದಾಯದ ಮಾತು ಹುಟ್ಟಿದ್ದು ‘ಹಿಡಿ’ಯಿಂದ. ಕುಡುಗೋಲಿಗೂ ಹಿಡಿ ಇದೆ. ಆ ಹಿಡಿ ನಮ್ಮ ಕೈಯಲ್ಲಿದ್ದ ಮಾತ್ರಕ್ಕೆ ಕುಡುಗೋಲು ನಮ್ಮದಲ್ಲ. ಪಕ್ಕದ ಮನೆಯಿಂದ ತಂದದ್ದಿರಬಹುದು. ತಾಳವಾಡಿ ಕಡೆಯ ನಮಗೆ ಪಟ್ಟಾ ಬರುವುದು ತಮಿಳಿನಲ್ಲಿ. ಅದರಲ್ಲಿ ಅಣ್ಣನ ಹೆಸರೊಂದೇ ಕಂಡರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಪಟ್ಟಾ ಕಂದಾಯದ ದಾಖಲೆ. ಅದೊಂದರಿಂದಲೇ ಒಡೆತನ ಹುಟ್ಟುವುದಿಲ್ಲ. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ತಾಯಿಗೆ ಮೂರರಲ್ಲೊಂದು ಪಾಲು, ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮ.

‘12 ವರ್ಷ ಹಿಡಿದರೆ ನಮ್ಮದೇ’ ಎಂದು ಟೀ ಅಂಗಡಿಯಲ್ಲಿ ಹೇಳುವವರಿದ್ದಾರೆ. 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಮಾತು ಇರುವುದು ನಿಜ. ಆದರೆ ಪಾಲುದಾರರಲ್ಲಿ ಒಬ್ಬರು ಹಿಡಿದದ್ದು ಎಲ್ಲರ ಪರವಾಗಿ ಹಿಡಿದಂತೆ ಎನ್ನುತ್ತವೆ ನ್ಯಾಯಾಲಯಗಳು. ‘ನಿನಗಿಲ್ಲಿ ಹಕ್ಕಿಲ್ಲ’ ಎಂದು ಬಹಿರಂಗವಾಗಿ ಹೊರಗಿಟ್ಟಿದ್ದರೆ ಮಾತ್ರ ಬೇರೆ ಮಾತು. ಎಲ್ಲರ ಪರವಾಗಿ ಹಿಡಿಯುವುದು! ಇದನ್ನು ನಾವು ಪ್ರಸಂಗದಲ್ಲಿ ಕೇಳಬಹುದೆಂದುಕೊಂಡಿದ್ದೆವು, ಕಾನೂನಿನಲ್ಲಲ್ಲ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ದೇವರು ಭೂಮಿ ತಮ್ಮದು, ಜನ ಅಲ್ಲಿ ಒಕ್ಕಲು ಇದ್ದಂತೆ ಎನ್ನುತ್ತಾರೆ. ಅಣ್ಣನೂ ಒಕ್ಕಲು, ತಂಗಿಯೂ ಒಕ್ಕಲು.

ಹಾಗೆಂದು ಅಣ್ಣನ ಮಾತು ಪೂರಾ ಸುಳ್ಳಲ್ಲ. ಬಿಎಸ್ಸಿಯಲ್ಲಿ ನಾವು ಓದಿದ್ದು: ತುಂಬಿದ ಬಿಂದಿಗೆ ಹಿಡಿದು ಕದಲದೆ ನಿಂತರೆ, ಭೌತಶಾಸ್ತ್ರದ ಲೆಕ್ಕದಲ್ಲಿ ಬಿಂದಿಗೆಯ ಮೇಲೆ ಮಾಡಿದ ಕೆಲಸ ಸೊನ್ನೆ. ತೋಳನ್ನು ಕೇಳಿದರೆ ಬೇರೆ ಹೇಳುತ್ತದೆ. ಮಳೆ ಕೈಕೊಟ್ಟ ವರ್ಷ, ಆನೆ ಇಳಿದ ರಾತ್ರಿ, ಹೆತ್ತವರ ಕೊನೆಯ ಕಾಯಿಲೆ, ಇವನ್ನೆಲ್ಲ ಕಂಡು ಹೊಲ ಬಿಡದೆ ನಿಂತವನ ತೋಳು ನೊಂದಿದೆ. ಅದಕ್ಕೂ ಲೆಕ್ಕ ಬೇಕು. ಆ ಲೆಕ್ಕವನ್ನು ತಂಗಿಯ ಎದುರು ಕೂತು ಹೇಳಬೇಕು. ಅವಳಿಗೆ ಹೇಳದೆ ಅವಳ ಪಾಲಿನಲ್ಲೇ ಮುರಿದುಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ.

ಕಷ್ಟವಿರುವುದು ಬಿಡುಗಡೆ ಪತ್ರದಲ್ಲಿ. ತಂಗಿ ಸಹಿ ಹಾಕಿ ನೋಂದಣಿಯಾಗಿದ್ದರೆ ಕಾನೂನು ಬಹುಮಟ್ಟಿಗೆ ಸುಮ್ಮನಾಗುತ್ತದೆ. ಒಂದು ಸೀರೆ ಕೊಟ್ಟು, ಓದಲು ಬಾರದ ತಮಿಳು ಕಾಗದಕ್ಕೆ ಹಾಕಿಸಿಕೊಂಡ ಸಹಿಯಾದರೆ ನಮ್ಮ ಮನಸ್ಸಾಕ್ಷಿಯೂ ಸುಮ್ಮನಿರಬೇಕೇ?

ಆ ಹುಡುಗ ಮನೆಗೆ ಹೋಗಿ ಪೆಟ್ಟಿಗೆ ತೆಗೆದು ನೋಡಿದನಂತೆ. ಪತ್ರ ಸಿಕ್ಕಿದೆ. ಸೋದರತ್ತೆಗೆ ಇನ್ನೂ ಫೋನ್ ಮಾಡಿಲ್ಲ.